ಕುದುರೆಗೆ ಮ್ಯಾಗ್ನೆಟ್ ರಗ್, ಬಾಲದ ಕೂದಲು ಟೆಸ್ಟ್ ಇವೆಲ್ಲಾ ನಿಜ್ವಾಗ್ಲೂ ಕೆಲ್ಸ ಮಾಡುತ್ತಾ? ಅನುಭವ ಇದ್ದೋರು ಹೇಳಿ

ಕೇಳಿದವಳು:
ನನ್ನ ಹೆಣ್ಣು ಕುದುರೆಗೆ 14 ವರ್ಷ. ಎರಡು ತಿಂಗಳಿಂದ ಹಿಂಗಾಲು ಬಿಗಿ, ಲಾಯದಿಂದ ಹೊರಗೆ ತಂದ ಮೊದಲ ಹತ್ತು ನಿಮಿಷ ಕಾಲು ಎಳ್ಕೊಂಡು ನಡೀತಾಳೆ, ಆಮೇಲೆ ಏನೂ ಆಗಿಲ್ವೇನೋ ಅನ್ನೋ ಥರ ಇರ್ತಾಳೆ. ಪಕ್ಕದ ಲಾಯದವರು ಬೆನ್ನಿಗೆ ಮ್ಯಾಗ್ನೆಟ್ ರಗ್ (ಒಳಗೆ ಮ್ಯಾಗ್ನೆಟ್ ಇಟ್ಟು ಹೊಲಿದ ಹೊದಿಕೆ) ಹಾಕು ಅಂತಾರೆ, ಇನ್ನೊಬ್ರು ಬಾಲದ ನಾಲ್ಕು ಕೂದಲು ಕಳಿಸಿದ್ರೆ ಯಾವ ಅಂಗ ವೀಕ್ ಅಂತ ರಿಪೋರ್ಟ್ ಬರುತ್ತೆ ಅಂತಾರೆ. ನಂಗೆ ಡೌಟು. ಆದ್ರೆ ರಗ್ ಮಾರೋನು ಹೇಳಿದ ಒಂದು ಮಾತಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ: "ಮನುಷ್ಯರಿಗಾದ್ರೆ ನಂಬಿಕೆಯಿಂದ ವಾಸಿ ಆಯ್ತು ಅನ್ಬಹುದು ಮೇಡಂ, ಕುದುರೆಗೇನು ಬ್ರೋಷರ್ ಓದೋಕೆ ಬರುತ್ತಾ?" ಇದಕ್ಕೆ ಏನ್ ಹೇಳ್ತೀರಿ?

ಮ್ಯಾಗ್ನೆಟ್ ಕಟ್ಟಿ ನೋಡಿದವ:
ಆ ಬ್ರೋಷರ್ ಮಾತಿಗೆ ನಾನೂ ಬಿದ್ದೋನೇ. ಕುದುರೆ ಓದಲ್ಲ ಸರಿ, ಓದಿದ್ದು ನಾವಲ್ವಾ, ಕುಂಟೋದು ಕಮ್ಮಿ ಆಯ್ತು ಅಂತ ನೋಡಿ ಹೇಳೋದೂ ನಾವೇ. ನನ್ನ ಕುದುರೆ ಮುಂಗಾಲಿಗೆ ಮೂರು ವಾರ ಮ್ಯಾಗ್ನೆಟ್ ಪಟ್ಟಿ ಕಟ್ಟಿ, ಅಬ್ಬಾ ಏನ್ ಚೇಂಜ್ ಅಂತ ಸಿಕ್ಕಿದೋರಿಗೆಲ್ಲ ಹೇಳ್ಕೊಂಡು ಓಡಾಡ್ದೆ. ನಮ್ಮ ಡಾಕ್ಟ್ರು ಜಗಳ ಮಾಡ್ಲಿಲ್ಲ, ಮೊದಲಿನ ವಿಡಿಯೋ ಇದೆಯಾ ಅಂದ್ರು, ಇತ್ತು, ಪಟ್ಟಿ ಕಟ್ಟೋಕೆ ಮುಂಚಿಂದು ನಾಲ್ಕು ಆಮೇಲಿಂದು ನಾಲ್ಕು ತಗೊಂಡು ಪಟ್ಟಿ ಕಾಣದ ಹಾಗೆ ತಾರೀಕು ಕಾಣದ ಹಾಗೆ ಮಾಡಿ ಕಲಸಿ ನನ್ನ ಮುಂದೆ ಇಟ್ಟು, ಯಾವುದು ಮೊದಲು ಯಾವುದು ಆಮೇಲೆ ಹೇಳು ಅಂದ್ರು. ದಿನಾ ಕಸ ತೆಗೆದು ಹುಲ್ಲು ಹಾಕಿ ನಾನೇ ಸಾಕಿದ ಕುದುರೆ. ಎಂಟರಲ್ಲಿ ನಾಲ್ಕು ಸರಿ ಹೇಳ್ದೆ. ಕಣ್ಣು ಮುಚ್ಕೊಂಡು ಹೇಳಿದ್ರೂ ಅಷ್ಟೇ ಬರ್ತಿತ್ತು!

ಇದು ನನ್ನೊಬ್ಬನ ಪೆದ್ದುತನ ಅಂದ್ಕೋಬೇಡಿ. ಸಂಧಿವಾತ ಇರೋ ನಾಯಿಗಳ ಮೇಲೆ ಮಾಡಿದ ಒಂದು ಸ್ಟಡಿ 2012ರಲ್ಲಿ ಬಂತು. ಔಷಧಿ ಇಲ್ಲದ ಖಾಲಿ ಗುಳಿಗೆ ಕೊಟ್ಟ ನಾಯಿಗಳನ್ನ ಕಾಲಿನ ಭಾರ ಅಳೆಯೋ ಪ್ಲೇಟ್ ಮೇಲೆ ನಡೆಸಿದ್ರು. ಪ್ಲೇಟ್ ಏನೂ ಬದಲಾಗಿಲ್ಲ ಅಂತಿದ್ರೂ ಮಾಲೀಕರು ಸುಮಾರು 40% ಸಲ "ಈಗ ವಾಸಿ" ಅಂದಿದ್ರು, ಪರೀಕ್ಷೆ ಮಾಡಿದ ಡಾಕ್ಟರ್‌ಗಳೂ ಅದೇ ಥರ ಏಮಾರಿದ್ರು. ಅಂದ್ರೆ ಗುಳಿಗೆ ನುಂಗಿದ್ದು ನಾಯಿ, ಪ್ಲಸೀಬೊ, ಅಂದ್ರೆ ಬರೀ ನಂಬಿಕೆಯಿಂದ ವಾಸಿ ಅನ್ಸೋದು, ಹತ್ತಿದ್ದು ನೋಡ್ತಾ ನಿಂತೋರಿಗೆ.

ರಕ್ತದಲ್ಲಿ ಕಬ್ಬಿಣ ಇದೆ, ಮ್ಯಾಗ್ನೆಟ್ ಅದನ್ನ ಎಳೆದು ರಕ್ತ ಓಡಾಟ ಜಾಸ್ತಿ ಮಾಡುತ್ತೆ ಅಂತ ಪ್ಯಾಕೆಟ್ ಮೇಲೆ ಬರ್ದಿರ್ತಾರಲ್ಲ, ಅದೂ ಸುಳ್ಳೇ. ಹಿಮೋಗ್ಲೋಬಿನ್ ಒಳಗಿರೋ ಕಬ್ಬಿಣ ಮೊಳೆ ಥರ ಅಂಟ್ಕೊಳ್ಳೋ ಕಬ್ಬಿಣ ಅಲ್ಲ. ಅಂಟ್ಕೊಳ್ಳೋ ಹಾಗಿದ್ರೆ 1.5 ಟೆಸ್ಲಾದಷ್ಟು ಭಾರಿ ಮ್ಯಾಗ್ನೆಟ್ ಇರೋ ಎಂಆರ್‌ಐ ಒಳಗೆ ಮಲಗಿದೋರ ರಕ್ತ ಎಲ್ಲಾ ಒಂದೇ ಕಡೆ ಹೋಗಿ ನಿಂತ್ಕೋಬೇಕಿತ್ತು. ರಗ್ ಹಾಕಿದಾಗ ಬೆನ್ನು ಬೆಚ್ಚಗಾಗೋದು ನಿಜ. ಮ್ಯಾಗ್ನೆಟ್ ಕಿತ್ತು ಬಿಸಾಕಿ ಹಾಕಿದ್ರೂ ಬೆಚ್ಚಗೇ ಆಗುತ್ತೆ.

ಲಾಳ ಹೊಡೆಯಾಂವ:
ನೋಡ್ರಿ ಅಕ್ಕಾರ, ನಾ ಡಾಕ್ಟರ್ ಅಲ್ಲ. ಆದ್ರ ದಿನಾ ಗೊರಸು ಹಿಡಿಯಾಂವ. ಒಬ್ರು ಕುದುರಿ ಮುಂಗಾಲು ಇಡಾಕ ಒಲ್ಲಂತೈತಿ ಅಂತ ಗಿಡಮೂಲಿಕಿ ಎಣ್ಣಿ ಹಚ್ಚಿ ಹಚ್ಚಿ ಹತ್ತು ದಿನ ಕಳದ್ರು, ಎಣ್ಣಿ ಮಾರಿದಾಂವ "ವಿಷ ಹೊರಗ ಬರಾಕತ್ತೈತಿ, ಮೊದಲ ಜಾಸ್ತಿ ಆಗಿ ಆಮ್ಯಾಲ ಇಳಿತೈತಿ" ಅಂದಿದ್ನಂತ. ಈ ಮಾತು ಕೇಳಿದ್ರ ಅಲ್ಲಿಂದ ಎದ್ದ ಬಿಡ್ರಿ, ಯಾಕಂದ್ರ ಕಡಿಮಿ ಆದ್ರೂ ಅವ್ನ ಔಷಧ ಗೆದ್ದಂಗ, ಜಾಸ್ತಿ ಆದ್ರೂ ಗೆದ್ದಂಗ. ಗೊರಸು ಮುಟ್ಟಿದ್ರ ಬಿಸಿ, ಗೊರಸಿನ ಮ್ಯಾಲ ನಾಡಿ ಡಬ್ ಡಬ್ ಅಂತ ಬಡಿತಿತ್ತು. ಲ್ಯಾಮಿನೈಟಿಸ್, ಅಂದ್ರ ಗೊರಸಿನ ಒಳಗ ಉರಿಯೂತ! ಅದರಾಗ ಒಳಗಿನ ಎಲುಬು ಗೊರಸಿನ ಗ್ವಾಡಿಯಿಂದ ಬಿಟ್ಟು ಕೆಳಗ ತಿರುಗ್ತೈತಿ, ಹತ್ತು ದಿನ ಅಲ್ಲ ಹತ್ತು ತಾಸು ಕಾಯೂದೂ ತಪ್ಪ.

ಸ್ಪರ್ಧೆಗೆ ಹೋಗೋಳು:
"ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ" ಅನ್ನೋದರ ಬಗ್ಗೆ ಒಂದು ಮಾತು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕುದುರೆ ಸ್ಪರ್ಧೆ ನಡೆದಿದ್ದು ಹಾಂಗ್‌ಕಾಂಗ್‌ನಲ್ಲಿ. ಅಲ್ಲಿ ಜಂಪಿಂಗ್‌ನ ನಾಲ್ಕು ಕುದುರೆಗಳು ಡೋಪಿಂಗ್ ಟೆಸ್ಟ್‌ನಲ್ಲಿ ಕ್ಯಾಪ್ಸೈಸಿನ್‌ಗೆ ಸಿಕ್ಕಿಬಿದ್ವು. ಕ್ಯಾಪ್ಸೈಸಿನ್ ಅಂದ್ರೆ ಮೆಣಸಿನಕಾಯಿ ಖಾರ ಅಷ್ಟೇ, ಅದಕ್ಕಿಂತ ನ್ಯಾಚುರಲ್ ಬೇಕಾ? ಡೆವಿಲ್ಸ್ ಕ್ಲಾ ಅಂತ ಕೀಲುನೋವಿಗೆ ಕೊಡೋ ಬೇರು ಇದೆಯಲ್ಲ, ಅದರಲ್ಲಿರೋ ಹಾರ್ಪಗೋಸೈಡ್ ಅನ್ನೋ ಅಂಶ ಕೂಡ ಎಫ್‌ಇಐ (ಅಂತರರಾಷ್ಟ್ರೀಯ ಕುದುರೆ ಕ್ರೀಡಾ ಸಂಸ್ಥೆ) ಸ್ಪರ್ಧೆಯಲ್ಲಿ ಇರಬಾರದು ಅನ್ನೋ ಪಟ್ಟಿಯಲ್ಲಿದೆ. ಮಾರೋರಿಗೆ ನಾನು ಕೇಳೋದು ಇಷ್ಟೇ, ಇದು ಮೈಗೆ ಹತ್ತೋ ವಸ್ತುವಾದ್ರೆ ಜಾಸ್ತಿ ಆದಾಗ ಏನಾಗುತ್ತೆ ಹೇಳಿ, ಏನೂ ಆಗಲ್ಲ ಅಂದ್ರೆ ಕಮ್ಮಿ ಕೊಟ್ಟಾಗ ಮಾತ್ರ ಹೇಗೆ ಕೆಲ್ಸ ಮಾಡುತ್ತೆ.

ಇನ್ನೊಂದು, ಡಬ್ಬದ ಮೇಲಿನ ಭಾಷೆ ನಿಧಾನಕ್ಕೆ ಓದಿ. "ಕೀಲುಗಳ ಆರೋಗ್ಯವನ್ನು ಸಪೋರ್ಟ್ ಮಾಡುತ್ತದೆ." ಕುಂಟು ವಾಸಿಯಾಗುತ್ತೆ ಅಂತ ಎಲ್ಲಾದ್ರೂ ಬರ್ದಿದಾರಾ? ಬರೆದ್ರೆ ಔಷಧಿ ಅಂತ ಲೆಕ್ಕ ಆಗಿ ಪುರಾವೆ ಕೊಡ್ಬೇಕಾಗುತ್ತೆ, ಅದಕ್ಕೆ ಹಾವೂ ಸಾಯದ ಕೋಲೂ ಮುರಿಯದ ಮಾತು. "ಕ್ಲಿನಿಕಲಿ ಟೆಸ್ಟೆಡ್" ಅನ್ನೋದೂ ಹಾಗೇ, ಪರೀಕ್ಷೆ ಬರೆದಿದೀವಿ ಅಂದಿದಾರೆ, ಪಾಸ್ ಆದ್ವಿ ಅಂದಿಲ್ಲ. ನಾನೇ ವರ್ಷಗಟ್ಟಲೆ ಕೀಲಿಗೆ ಒಳ್ಳೇದು ಅಂತ ಮಾರೋ ಗ್ಲುಕೋಸಮೈನ್ ಪುಡಿ ಹಾಕ್ದೋಳು. ಆಮೇಲೆ ಗೊತ್ತಾಯ್ತು, ಕುದುರೆಗೆ ಬಾಯಿಂದ ಕೊಟ್ರೆ ರಕ್ತಕ್ಕೆ ಸೇರೋದು ನೂರಕ್ಕೆ ಆರು ಪಾಲು ಅಥವಾ ಅದಕ್ಕೂ ಕಮ್ಮಿ ಅಂತ. ಮಿಕ್ಕಿದ್ದೆಲ್ಲಾ ಗೊಬ್ಬರಕ್ಕೆ.

ಸೂಜಿ ಪರ ಇರೋನು:
ಎಲ್ಲದನ್ನೂ ಒಂದೇ ತಕ್ಕಡಿಗೆ ಹಾಕ್ಬೇಡಿ ಗುರು. ನಂದಕ್ಕೆ ಬೆನ್ನು ನೋವಿಗೆ ಅಕ್ಯುಪಂಕ್ಚರ್ ಮಾಡಿಸ್ದೆ, ಸೂಜಿ ಚುಚ್ಚಿದ ಐದು ನಿಮಿಷಕ್ಕೆ ತಲೆ ತಗ್ಗಿಸಿ ತುಟಿ ಜೋತು ಬಿಟ್ಕೊಂಡು ನಿದ್ದೆ ಮಾಡ್ತು. ನಾಟಕ ಆಡೋಕೆ ಕುದುರೆಗೆ ಬರುತ್ತಾ?

ಮ್ಯಾಗ್ನೆಟ್ ಕಟ್ಟಿ ನೋಡಿದವ:
ನಿದ್ದೆ ಮಾಡಿದ್ದು ನಿಜ ಇರ್ಬಹುದು ಬ್ರದರ್, ಅರ್ಧ ಗಂಟೆ ಯಾರಾದ್ರೂ ಮೆತ್ತಗೆ ಬೆನ್ನು ಸವರ್ತಾ ನಿಂತ್ರೆ ನಂದೂ ಮಾಡುತ್ತೆ. ಸುಸ್ತಾಗಿ ಆರಾಮಾಗೋದು ಬೇರೆ, ಕಾಯಿಲೆ ವಾಸಿಯಾಗೋದು ಬೇರೆ. ಸೂಜಿ ಬಗ್ಗೆ ಸಂಶೋಧನೆ ಎರಡೂ ಕಡೆ ಇದೆ, ಪೂರ್ತಿ ತಳ್ಳಿಹಾಕಲ್ಲ. ಆದ್ರೆ ಎಲ್ಲಿ ಚುಚ್ಚಬೇಕು ಅಂತ ತೋರಿಸೋ ಅವರ ಚಾರ್ಟ್ ನೋಡಿದೀರಾ? ಪಿತ್ತಕೋಶದ ಲೈನ್ ಅಂತ ಕುದುರೆ ಮೈ ಮೇಲೆ ಉದ್ದಕ್ಕೆ ಎಳೆದಿರ್ತಾರೆ. ಕುದುರೆಗೆ ಪಿತ್ತಕೋಶವೇ ಇಲ್ಲ ಸ್ವಾಮಿ! ಮನುಷ್ಯರ ಲೈನುಗಳು ಐದು ಬೆರಳ ತುದಿಗೆ ಹೋಗ್ತವೆ, ಕುದುರೆಗೆ ಕಾಲಿಗೊಂದೇ ಬೆರಳು. ಮನುಷ್ಯನ ನಕ್ಷೆ ತಂದು ಕುದುರೆಗೆ ಹೊದಿಸಿದ್ದು ಅಂತ ಅನ್ಸಲ್ವಾ?

ಸೂಜಿ ಪರ ಇರೋನು:
ಪಿತ್ತಕೋಶದ್ದು ಗೊತ್ತಿರ್ಲಿಲ್ಲ 😅 ಆದ್ರೂ ನಾನು ಮಾಡಿಸ್ತೀನಿ. ಡಾಕ್ಟ್ರು ನೋಡಿ ಆದ್ಮೇಲೇನೇ ಮಾಡಿಸೋದು, ಅವರ ಬದಲಿಗಲ್ಲ.

ಹಳೇ ಸವಾರ:
ಕೂದಲು ಟೆಸ್ಟ್ ಬಗ್ಗೆ ಯಾರೂ ಹೇಳ್ಲಿಲ್ಲ. ಒಂದೇ ಕುದುರೆ ಒಂದೇ ಬಾಲದ ಕೂದಲನ್ನ ಎರಡು ಕವರಲ್ಲಿ ಹಾಕಿ, ಎರಡು ಬೇರೆ ಹೆಸರು ವಯಸ್ಸು ಬರೆದು ಕಳಿಸಿ. ನಾನು ಕಳಿಸಿದ್ದೆ. ಒಂದಕ್ಕೆ ಲಿವರ್ ವೀಕ್ ಅಂತ ಬಂತು, ಇನ್ನೊಂದಕ್ಕೆ ಹುಲ್ಲಿನ ಅಲರ್ಜಿ. ಎರಡಕ್ಕೂ ಅವರದ್ದೇ ಪುಡಿ ತಗೋಬೇಕು ಅನ್ನೋದು ಮಾತ್ರ ಸೇಮ್.

ಮಾಲೀಕರ ಕೈ ಹಿಡ್ಕೊಂಡು ಕುದುರೆ ಮೈ ಮುಟ್ಟಿ, ಕೈ ಸೋತ್ರೆ ಅಲ್ಲೇ ತೊಂದ್ರೆ ಅನ್ನೋ ಟೆಸ್ಟ್ ಮಾಡೋರೂ ಇದಾರೆ, ಅವರನ್ನ ಕಂಡಾಗೆಲ್ಲ ನಂಗೆ ಬರ್ಲಿನ್‌ನ ಕ್ಲೆವರ್ ಹಾನ್ಸ್ ನೆನಪಾಗುತ್ತೆ. ಗೊರಸು ಬಡಿದು ಲೆಕ್ಕ ಹೇಳ್ತಿದ್ದ ಕುದುರೆ. ಮಾಲೀಕ ಫಾನ್ ಓಸ್ಟೆನ್ ಮೋಸಗಾರ ಅಲ್ಲ, ಮನಸಾರೆ ನಂಬಿದ್ದ ಮೇಷ್ಟ್ರು. 1907ರಲ್ಲಿ ಓಸ್ಕರ್ ಫುಂಗ್ಸ್ಟ್ ಅನ್ನೋರು ಕೂತು ಪರೀಕ್ಷೆ ಮಾಡಿದಾಗ ಗೊತ್ತಾಗಿದ್ದು, ಕೇಳೋನಿಗೆ ಉತ್ತರ ಗೊತ್ತಿಲ್ದೆ ಇದ್ರೆ ಹಾನ್ಸ್‌ಗೂ ಗೊತ್ತಿರ್ತಿರ್ಲಿಲ್ಲ. ಕೇಳೋನ ತಲೆ ಒಂದು ಚೂರು ಅಲುಗಾಡಿದ್ದನ್ನ ನೋಡಿ ಬಡಿಯೋದು ನಿಲ್ಲಿಸ್ತಿತ್ತು, ತಲೆ ಅಲುಗಿದ್ದು ಕೇಳೋನಿಗೇ ಗೊತ್ತಿಲ್ಲ! ಕುದುರೆ ಅಷ್ಟು ಸೂಕ್ಷ್ಮವಾಗಿ ನಮ್ಮನ್ನ ನೋಡ್ತಿರುತ್ತೆ. ನೀವು ರಗ್ ಹಾಕಿ ಧೈರ್ಯವಾಗಿ ಹತ್ತಿ, ಲಗಾಮು ಸಡಿಲ ಬಿಟ್ರೆ ಅದೂ ಹಗುರಾಗಿ ನಡಿಯುತ್ತೆ, ಹೆಸರು ರಗ್ಗಿಗೆ.

ಟೆಂಡನ್ (ಮಾಂಸಖಂಡವನ್ನ ಎಲುಬಿಗೆ ಕಟ್ಟೋ ನಾರು) ಏಟಿಗೆ ಮಾರೋ ಮೆಷಿನ್‌ಗಳದ್ದೂ ಇದೇ ಕಥೆ. ಟೆಂಡನ್ ಕೂಡೋಕೆ ಸಾಮಾನ್ಯವಾಗಿ 9ರಿಂದ 12 ತಿಂಗಳು ಬೇಕು, ವಿಶ್ರಾಂತಿ, ಆಮೇಲೆ ದಿನಾ ಇಷ್ಟಿಷ್ಟೇ ನಡಿಗೆ. ಮೆಷಿನ್ ಜೊತೆ ಕೊಡೋ ಪುಸ್ತಕದಲ್ಲೂ ಅದೇ ವಿಶ್ರಾಂತಿ, ಅದೇ ನಡಿಗೆ ಬರೆದಿರುತ್ತೆ! ತನ್ನ ಕೋಳಿ ಕೂಗಿದ್ದಕ್ಕೇ ಊರಿಗೆ ಬೆಳಗಾಗೋದು ಅಂದ್ಕೊಂಡ ಅಜ್ಜಿ ಥರ. ಮೆಷಿನ್ ಇಲ್ದೆ ಬರೀ ವಿಶ್ರಾಂತಿ ಕೊಟ್ಟ ಕುದುರೆಗಳು ಎಷ್ಟು ವಾಸಿ ಆದ್ವು ಅಂತ ಕೇಳಿ, ಮಾರೋರು ಮಾತು ಬದಲಾಯಿಸ್ತಾರೆ.

ಕೇಳಿದವಳು:
ಎಲ್ರಿಗೂ ಥ್ಯಾಂಕ್ಸ್. ರಗ್ ಮಾರೋನಿಗೆ ಫೋನ್ ಮಾಡಿ ಕೇಳ್ದೆ, ರಗ್ ಹಾಕದ ಕುದುರೆಗಳ ಜೊತೆ ಹೋಲಿಸಿದ್ದು ಇದೆಯಾ ಅಂತ. ಯಾರೋ ದೊಡ್ಡ ಸವಾರನ ಫೋಟೋ ಕಳಿಸಿದ. ಡಾಕ್ಟ್ರು ನಿನ್ನೆ ಬಂದು ಹಿಂಗಾಲನ್ನ ಒಂದು ನಿಮಿಷ ಮಡಚಿ ಹಿಡಿದು ಬಿಟ್ಟು ಓಡ್ಸಿದ್ರು, ಎಡಗಾಲು ಚೆನ್ನಾಗೇ ಕುಂಟ್ತು, ಎಕ್ಸ್‌ರೇನಲ್ಲಿ ಹಾಕ್ ಕೀಲಿನ (ಹಿಂಗಾಲಿನ ನಡುವಿನ ಕೀಲು) ಕೆಳಭಾಗ ಸವೆದಿದೆ. ನೋವಿನ ಔಷಧಿ, ಲಾಳ ಬದಲು, ಲಾಯದಲ್ಲಿ ಕಟ್ಟಿ ಹಾಕದೆ ಜಾಸ್ತಿ ಹೊತ್ತು ಹೊರಗೆ ಬಿಡೋದು, ಆರು ವಾರ ಬಿಟ್ಟು ಮತ್ತೆ ನೋಡ್ತಾರೆ. ಇವತ್ತು ಬೆಳಿಗ್ಗೆ ಮೊದಲ ವಿಡಿಯೋ ತೆಗ್ದಿದೀನಿ, ವಾರಕ್ಕೊಂದು ತೆಗೆದು, ತಾರೀಕು ಅಳಿಸಿ ಕಲಸಿಕೊಡೋಕೆ ತಮ್ಮನಿಗೆ ಹೇಳಿದೀನಿ. ಔಷಧಿಗೂ ಇದೇ ಪರೀಕ್ಷೆ ಆಗ್ಲಿ ಅಂದ್ರೆ ಡಾಕ್ಟ್ರು ನಕ್ಕು, ನಂಗೂ ಕಳ್ಸು ಅಂದ್ರು.