ಸಹಾಯ ಬೇಕು: ಅಪ್ಪ ಅಮ್ಮನ ಜೊತೆ ಬಾರ್ಬಡೋಸ್ ಟ್ರಿಪ್
ಎಲ್ರಿಗೂ ನಮಸ್ಕಾರ, ಡಿಸೆಂಬರ್ ರಜಕ್ಕೆ ನ್ಯೂಜೆರ್ಸಿಯಿಂದ ಬಾರ್ಬಡೋಸ್‌ಗೆ ಹೋಗ್ತಿದೀವಿ, ಮೈಸೂರಿಂದ ಬಂದಿರೋ ಅಪ್ಪ ಅಮ್ಮನೂ ಜೊತೆಗಿದಾರೆ, ಯಾರಾದ್ರೂ ಹೋಗ್ಬಂದಿದ್ರೆ ಸ್ವಲ್ಪ ಹೇಳಿ ಪ್ಲೀಸ್.

ಅಪ್ಪಂಗೆ ಬೀಚೂ ಬೇಡ ಏನೂ ಬೇಡ, ಕೆನ್ಸಿಂಗ್ಟನ್ ಓವಲ್ ತೋರಿಸಿದ್ರೆ ಸಾಕು, 2024ರಲ್ಲಿ ನಮ್ಮ ದ್ರಾವಿಡ್ ಕೋಚ್ ಆಗಿದ್ದಾಗ ಟಿ20 ವರ್ಲ್ಡ್ ಕಪ್ ಗೆದ್ದ ಗ್ರೌಂಡ್ ಅಲ್ವಾ, ಮ್ಯಾಚ್ ಇಲ್ದಿರೋ ದಿನ ಒಳಗೆ ಬಿಡ್ತಾರಾ? ಅಮ್ಮಂಗೆ ಮಂಡಿನೋವು, ಹ್ಯಾರಿಸನ್ಸ್ ಕೇವ್‌ನಲ್ಲಿ ಟ್ರಾಮ್ ಇದೆ ಸರಿ, ಆದ್ರೆ ಮಧ್ಯೆ ಇಳಿದು ಹತ್ತೋದು ಜಾಸ್ತಿ ಇರುತ್ತಾ?

ಮಕ್ಕಳಿಗೆ ಆಮೆ ನೋಡ್ಬೇಕಂತೆ, ಕಾರ್ಲೈಲ್ ಬೇ ದಡದಿಂದಾನೇ ಈಜ್ಕೊಂಡು ಹೋದ್ರೆ ಕಾಣುತ್ತಾ ಇಲ್ಲ ಬೋಟ್ ಟೂರೇ ಬೇಕಾ? ಬಾತ್‌ಶೀಬಾ ಕಡೆ ಅಟ್ಲಾಂಟಿಕ್ ಅಲೆ ಜೋರು, ಅಲ್ಲಿ ದೂರದಿಂದ ಬಂಡೆ ನೋಡ್ಕೊಂಡು ಬರೋದಷ್ಟೇ.

ಶಾಪಿಂಗ್‌ಗೆ ಬ್ರಿಡ್ಜ್‌ಟೌನ್‌ನ ಬ್ರಾಡ್ ಸ್ಟ್ರೀಟ್ ಡ್ಯೂಟಿ ಫ್ರೀ ಅಂಗಡಿಗಳು ವರ್ತಾ, ಸ್ವಾನ್ ಸ್ಟ್ರೀಟಲ್ಲಿ ಚೌಕಾಸಿ ನಡೆಯುತ್ತಾ? 1 ಯುಎಸ್ ಡಾಲರ್‌ಗೆ 2 ಬಾರ್ಬಡೋಸ್ ಡಾಲರ್ ಫಿಕ್ಸು, ಅದೊಂದು ಲೆಕ್ಕ ಸುಲಭ.

ಮುಖ್ಯವಾಗಿ ಊಟ!! ಅಮ್ಮ ಮೊಟ್ಟೆನೂ ಮುಟ್ಟಲ್ಲ, ಎಲ್ರೂ ಓಯಿಸ್ಟಿನ್ಸ್ ಫಿಶ್ ಫ್ರೈ ಹೋಗಿ ಅಂತಾರೆ, ನಮಗೆ ಆಲೂ ಕಡಲೆ ಹಾಕಿರೋ ರೋಟಿ ಸಿಗೋ ಜಾಗ ಹೇಳ್ರಪ್ಪಾ. ಕುಕ್ಕರ್ ಅಂತೂ ಪ್ಯಾಕ್ ಆಗಿದೆ. ಅಂದಹಾಗೆ ಅಲ್ಲಿ ಮಿಲಿಟರಿ ಡಿಸೈನ್ ಬಟ್ಟೆ ಹಾಕೋ ಹಾಗಿಲ್ಲ, ಮಕ್ಕಳಿಗೂ ಸೇರಿ, ಹೋಗೋರು ನೋಡ್ಕೊಳ್ಳಿ.