ಎರಿ ಮಣ್ಣಿನಾಗ ಫರಸಿ ಕಲ್ಲಿನ ಸಣ್ಣ ಸೇತುವೆ: ಕಮಾನು ಬೇಕೇನು?

ಎರಿಹೊಲ, ಕಲಬುರಗಿ
ಮನಿ ಹಿಂದಿನ ತೋಟದಾಗ ಮಳಿನೀರಿನ ಕಾಲುವೆ ಅದ, ಅಗಲ ಮೂರೂವರೆ ಫೂಟು. ಎರಡೂವರೆ ಫೂಟು ಅಗಲದ ಕಲ್ಲಿನ ಸೇತುವೆ ಕೈಲೇ ಕಟ್ಟಬೇಕು. ಮಂದಿ, ಕೈಗಾಡಿ ದಾಟಿದ್ರ ಸಾಕು. ಎರಡಿಂಚು ದಪ್ಪದ ಶಹಾಬಾದ್ ಫರಸಿ (ಚಪ್ಪಟೆ ಸುಣ್ಣಗಲ್ಲಿನ ಹಾಸು) ಸಿಗ್ತದ. ಉದ್ದಂದು ಒಂದು ಅಡ್ಡ ಹಾಕಿದ್ರ ಸಾಲ್ದೇನು? ಮಣ್ಣು ಪಕ್ಕಾ ಎರಿ (ಕಪ್ಪು ಜಿಗಟು ಮಣ್ಣು), ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರುಕು.

ಫರಸಿಗಚ್ಚು
ಅಡ್ಡ ಹಾಕಿದ್ದು ನಿಂತೀತು, ಆದ್ರ ಮುರಿಯೋ ಮುಂದ ಸುಳಿವು ಕೊಡಂಗಿಲ್ಲ. ಸುಣ್ಣಗಲ್ಲು ಒತ್ತಿದ್ರ ತಾಳ್ತದ, ಬಗ್ಗಿಸಿದ್ರ ತಳಕ್ಕ ಸೀಳ್ತದ. ಕಮಾನೇ ಕಟ್ರಿ.

ಹರವು (ಕಾಲಿಂದ ಕಾಲಿಗೆ ಅಂತರ) 4 ಫೂಟು, ಏರು (ನಡುವಿನ ಎತ್ತರ) 1 ಫೂಟು ಇಟ್ರ ತ್ರಿಜ್ಯ 30 ಇಂಚು. ಕಮಾನು ಶುರುವಾಗೋ ಗೆರಿಯಿಂದ 18 ಇಂಚು ಕೆಳಗ ಮೊಳೆ ಹೊಡೆದು, ದಾರದಿಂದ ಪ್ಲೈವುಡ್ ಮ್ಯಾಲ ಗೀಚಿ ಕತ್ತರಿಸ್ರಿ, ಕಲ್ಲು ಕೂಡಿಸೋಕ ಅದೇ ಆಸರೆಯ ಚೌಕಟ್ಟು. ಒಳಮೈ ಉದ್ದ ಸುಮಾರು 55½ ಇಂಚು ಬರ್ತದ. ಫರಸಿ 30 ಇಂಚು ಉದ್ದ, 8 ಇಂಚು ಅಗಲ ಕತ್ತರಿಸಿ ಪುಸ್ತಕ ನಿಲ್ಲಿಸಿದಂಗ ಸಾಲಾಗಿ ನಿಲ್ಲಿಸಿದ್ರ 25 ತುಂಡು, ಒಂದೊಂದು ಹತ್ತಹತ್ತಿರ 20 ಕಿಲೋ. ಹಿಂಗ ನಿಲ್ಲಿಸಿದ್ರ ಒತ್ತಡ ಪದರಕ್ಕ ಅಡ್ಡ ಬೀಳ್ತದ, ಕಲ್ಲು ಪದರ ಬಿಡಂಗಿಲ್ಲ. ಕಲ್ಲು ಬೆಣೆಯಂಗ ಕೆತ್ತೋದು ಬ್ಯಾಡ, ಗಚ್ಚೇ ಬೆಣೆ: ಸಂದು ಕೆಳಗ ಕಾಲಿಂಚು, ಮ್ಯಾಲ ಮುಕ್ಕಾಲಿಂಚು ಮಿಕ್ಕಿ. ಮ್ಯಾಲಿನ ಸಂದಿಗೆ ಕಲ್ಲಿನ ಚಕ್ಕೆ ಬಡೀರಿ, ಬರೀ ಗಚ್ಚು ಬಿಟ್ರ ಕುಗ್ತದ.

ಸಿಮೆಂಟ್ 1, ಸುಣ್ಣ 1, ಉಸುಕು 6. ಕಲ್ಲು ನೆನಸೇ ಇಡ್ರಿ. ಬಿಸಿಲಿಗೆ ಕಾದ ಫರಸಿ ಗಚ್ಚಿನ ನೀರೆಲ್ಲ ಹೀರ್ತದ. ಎರಡೂ ಕಡೆಯಿಂದ ಸಮ ಏರಿಸಿ, ನಡುವಿನ ಕಲ್ಲು ಕಡೀಕ.

ಕೆಂಪುಗಲ್ಲು, ಬೀದರ್
ಕಲ್ಲಿನ ಲೆಕ್ಕ ಸರಿ. ಆದರೆ ಎರಿಯಲ್ಲಿ ಕಮಾನು ಕೆಡುವುದು ಪಾಯದಿಂದ. ಈ ಅಳತೆಗೆ ಪಕ್ಕಕ್ಕೆ ತಳ್ಳುವ ಬಲ ಒಟ್ಟು ಭಾರದ ಅರ್ಧ: ಮಂದಿ ಸೇರಿ 1000 ಕಿಲೋ ಆದರೆ ಪ್ರತಿ ಕಾಲಿಗೂ (ಕಮಾನು ಕೂರುವ ಬದಿಯ ಗೋಡೆ) 500. ಚಂದ ಕಾಣಲಿ ಎಂದು ಏರು ಅರ್ಧ ಫೂಟಿಗೆ ಇಳಿಸಿದರೆ ಅದು ದುಪ್ಪಟ್ಟು. ಬೇಸಿಗೆಯಲ್ಲಿ ಎರಿ ಕಾಲಿನ ಬೆನ್ನು ಬಿಟ್ಟು ಸರಿಯುತ್ತದೆ, ಮಳೆಗೆ ಉಬ್ಬಿ ಎತ್ತುತ್ತದೆ. ಅದರ ಆಸರೆ ನಂಬಬೇಡಿ.

ನಾಲ್ಕು ಫೂಟಿನೊಳಗೆ ಮುರಮು (ಗಟ್ಟಿ ಗರಸು ಮಣ್ಣು) ಸಿಕ್ಕರೆ ಅಲ್ಲಿಗೇ ಪಾಯ ಇಳಿಸಿ. ಸಿಗದಿದ್ದರೆ 6 ಇಂಚಿನ ಎರಡು ಪದರ ಮುರಮು ಬಡಿದು, ಎರಡೂ ಕಾಲಿಗೆ ಸೇರಿ ಒಂದೇ ಕಾಂಕ್ರೀಟ್ ಹಾಸು: 8 ಫೂಟು ಉದ್ದ, 3½ ಅಗಲ, 6 ಇಂಚು ದಪ್ಪ, 10 ಮಿ.ಮೀ. ಸರಳು ಆರಿಂಚಿಗೊಂದು. ಕಾಲುಗಳನ್ನು ದೂರ ಸರಿಯದಂತೆ ಕಟ್ಟಿಹಾಕುವುದು ಈ ಹಾಸೇ. ಅಗೆದ ಎರಿಯನ್ನು ಕಾಲಿನ ಹಿಂದೆ ಮತ್ತೆ ತುಂಬಬೇಡಿ. ಕಾಲಿನ ತಲೆ ಸಮತಟ್ಟು ಬೇಡ, ತ್ರಿಜ್ಯದ ದಾರಕ್ಕೆ ಹೊಂದುವ ಓರೆ ಇರಲಿ.

ಎರಿಹೊಲ
ಪ್ಲೈವುಡ್ ಚೌಕಟ್ಟು ಯಾವಾಗ ತೆಗೀಬೇಕು?

ಫರಸಿಗಚ್ಚು
14 ದಿನ, ಹಸಿ ಗೋಣಿತಟ್ಟು ಹೊದಿಸೇ ಇಡ್ರಿ. ಅಷ್ಟರಾಗ ಕಮಾನಿನ ಎರಡೂ ಭುಜಕ್ಕ (ನಡುವಿನಿಂದ ಕಾಲಿನ ಕಡೆ ಇಳಿಯೋ ಬದಿ) ಕಲ್ಲು, ಗಚ್ಚು ತುಂಬಿರಬೇಕು. ಭುಜ ಹಗುರಿದ್ದು ನಡುವ ಭಾರ ಬಿದ್ರ ಭುಜ ಮ್ಯಾಲೇಳ್ತಾವ. ಚೌಕಟ್ಟಿನ ಕಾಲಡಿ ಜೋಡಿ ಬೆಣೆ ಮೊದಲೇ ಇಟ್ಟಿರ್ರಿ. ಎರಡು ಮಿ.ಮೀ. ಸಡಿಲಿಸಿ ಒಂದು ದಿನ ಬಿಡ್ರಿ. ನಡುಮಧ್ಯ ತಳದಾಗ ಕೂದಲಷ್ಟು ಬಿರುಕು ಕಂಡ್ರ ಕಾಲು ಸರಿದಾವ ಅಂತ, ಬೆಣೆ ವಾಪಸ್ ಬಿಗೀರಿ.