ಭೂಮಣ್ಣಿ ಬುಟ್ಟಿ: ಚಿತ್ತಾರದ ಬಿಳಿ ಎಳೆ ಉದುರುತ್ತಿದೆ

ಕೆಮ್ಮಣ್ಣು:
ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ, ಅಂದರೆ ಹೊಲಗದ್ದೆಗೆ ಎಡೆ ಒಯ್ಯುವ ಬಿದಿರು ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತಿದ್ದೇನೆ. ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಂಗಡಿ ಅಕ್ಕಿಹಿಟ್ಟು ಕಲಸಿ ಎಳೆ ಹಾಕಿದ್ದು. ಬರೆಯುವಾಗ ಕೆಂಪು ಕದಡಿ ಬಿಳಿ ಗುಲಾಬಿಯಾಗುತ್ತದೆ. ಒಣಗಿದ ಮೇಲೆ ಚಕ್ಕೆ ಏಳುತ್ತದೆ. ಫೆವಿಕಾಲ್ ಸೇರಿಸಲೇ?

ಹಸೆಗೋಡೆ:
ಫೆವಿಕಾಲ್ ಬೇಡ. ಮಣ್ಣಿನ ಮಂಕು ಹೋಗಿ ಪ್ಲಾಸ್ಟಿಕ್ಕಿನ ಹಾಗೆ ಮಿರುಗುತ್ತದೆ.

ಅರ್ಧ ತೊಂದರೆ ಆ ಒಣ ಹಿಟ್ಟಿನದ್ದೇ. ತರಿ ದಪ್ಪ, ಮಣ್ಣಿಗೆ ಕಚ್ಚುವುದಿಲ್ಲ. ಒಂದು ಹಿಡಿ ಬೆಳ್ತಿಗೆ ಅಕ್ಕಿ 4 ಗಂಟೆ ನೆನೆಸಿ, ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ. ಹದ ಹಾಲಿಗಿಂತ ಗಟ್ಟಿ, ದೋಸೆ ಹಿಟ್ಟಿಗಿಂತ ತೆಳು. ಹಸಿ ಇದ್ದಾಗ ಎಳೆ ಕಂಡೂ ಕಾಣದ ಹಾಗಿರುತ್ತದೆ, ಒಣಗಿದ ಮೇಲೇ ಬೆಳ್ಳಗಾಗುವುದು. ಕಾಣಲಿಲ್ಲವೆಂದು ಮತ್ತೆ ಮತ್ತೆ ತೀಡಿದರೆ ಪದರ ದಪ್ಪವಾಗಿ, ಬುಟ್ಟಿ ಎತ್ತುವಾಗ ಬಿದಿರು ಬಾಗಿದಲ್ಲೆಲ್ಲ ಸಿಡಿಯುತ್ತದೆ. ರುಬ್ಬಿದ್ದನ್ನು ಮರುದಿನಕ್ಕೆ ಇಡಬೇಡಿ, ಹುಳಿ ಬಂದು ಗುಳ್ಳೆ ಏಳುತ್ತದೆ.

ಕೆಂಪು ಕದಡುವುದು ಮಣ್ಣಿಗೆ ಅಂಟು ಸಾಲದೆ. ಮಣ್ಣನ್ನು ನೀರಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ರಾಡಿಯಷ್ಟನ್ನೇ ಬಗ್ಗಿಸಿಕೊಳ್ಳಿ. ಒಂದು ಲೋಟ ರಾಡಿಗೆ ಕಾಲು ಲೋಟ ಗಂಜಿತಿಳಿ. ತೆಳ್ಳಗೆ ಎರಡು ಸಲ ಬಳಿದು ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಮೇಲ್ಪದರ ಮೊದಲು ಒಣಗಿ ಬಿರಿಯುತ್ತದೆ. ಬೆರಳಲ್ಲಿ ಉಜ್ಜಿ ನೋಡಿ. ಕೆಂಪು ಹತ್ತಿದರೆ ಇನ್ನೂ ಎಳೆ ಹಾಕುವ ಹಾಗಿಲ್ಲ.

ಪುಂಡಿನಾರು:
ಕುಂಚ ಯಾವುದು? ಅಂಗಡಿಯ ಬ್ರಶ್ಶು ಹೆಚ್ಚು ನೀರು ಹೀರಿ ಒತ್ತಿದಲ್ಲೆಲ್ಲ ಸುರಿಸುತ್ತದೆ, ಕೆಂಪು ಕದಡಲು ಅದೂ ಒಂದು ಕಾರಣ. ಪುಂಡಿ ನಾರಿನ ತುದಿ ಜಜ್ಜಿ, ತಿರುಳು ಉದುರಿಸಿ, ಏಳೆಂಟು ಎಳೆ ಉಳಿಸಿಕೊಳ್ಳಿ. ತುದಿಯಲ್ಲಿ ಗೀಚುವುದಲ್ಲ, ನಾರನ್ನು ಮಲಗಿಸಿ ಎಳೆಯಬೇಕು. ಆಗ ಎಳೆ ನೇರ ಬರುತ್ತದೆ.

ಎಲ್ಲರೂ ಎಡವುವುದು ಸುತ್ತು ಕೂಡಿಸುವಲ್ಲಿ. ಒಂದು ಕಡೆಯಿಂದ ಬರೆಯುತ್ತ ಹೋದರೆ ಕೊನೆಯಲ್ಲಿ ಅರ್ಧ ಚಿತ್ತಾರದ ಜಾಗ ಉಳಿಯುತ್ತದೆ. ಬಾಯಿಯ ಸುತ್ತಳತೆಗೆ ದಾರ ಹಿಡಿದು, ಮೂರು ಸಲ ಅರ್ಧಕ್ಕೆ ಮಡಿಸಿದರೆ 8 ಭಾಗ. ಮಡಿಕೆಗಳ ಜಾಗದಲ್ಲಿ ಚುಕ್ಕೆಯಿಟ್ಟು, ಬುಡದ ಸುತ್ತಳತೆಗೂ ಹಾಗೇ ಮಾಡಿ, ಎರಡನ್ನೂ ಸೇರಿಸಿ. ಬುಡ ಕಿರಿದಾದ್ದರಿಂದ ಎಳೆಗಳ ನಡುವಿನ ಸಂದು ಕೆಳಗೆ ಹೋದಂತೆ ಸಣ್ಣದಾಗಲಿ. ಎಳೆಯ ಲೆಕ್ಕ ಮಾತ್ರ ಕಡಿಮೆ ಮಾಡಬೇಡಿ.

ಜೋಗಿಜಡೆ:
ಹಳದಿಗೆ ಗುರಿಗೆ ಕಾಯಿ ಸಿಗದೆ ಅರಿಸಿನ ಹಾಕುವುದಾದರೆ, ಬಿಳಿಗೆ ಸುಣ್ಣ ಮಾತ್ರ ಬೇಡ. ತಾಗಿದಲ್ಲೆಲ್ಲ ಹಳದಿ ಕೆಂಪಾಗುತ್ತದೆ. ಅರಿಸಿನ ಬಿಸಿಲಿಗೆ ಮಾಸುತ್ತದೆ ಕೂಡ. ಕಪ್ಪಿಗೆ ಅಕ್ಕಿಯನ್ನೇ ಕರಕಲಾಗುವಷ್ಟು ಹುರಿದು ಅರೆಯಿರಿ.

ಇನ್ನೊಂದು: ಈಚೆಗೆ ಬುಟ್ಟಿಗಳ ಮೇಲೆ ವಾರ್ಲಿಯ ತ್ರಿಕೋನದ ಮನುಷ್ಯರು ಕಾಣಿಸುತ್ತಿದ್ದಾರೆ. ಅದು ಮಹಾರಾಷ್ಟ್ರದ್ದು. ಮಲೆನಾಡಿನ ದೀವರ ಸಮುದಾಯದ ಹೆಂಗಸರ ಚಿತ್ತಾರ ನಿಂತಿರುವುದೇ ಎಳೆಯ ಮೇಲೆ, ಅದನ್ನು ಕಲಿತು ಬರೆಯಿರಿ.

ಕೆಮ್ಮಣ್ಣು:
ಹಬ್ಬ ಮುಗಿದ ಮೇಲೆ ಗೋಡೆಗೆ ತೂಗುಹಾಕಬಹುದೇ?

ಹಸೆಗೋಡೆ:
ಅಕ್ಕಿಯ ಎಳೆಯನ್ನು ಜಿರಲೆ ಮೇಯುತ್ತದೆ. ತೂಗುಹಾಕಲೆಂದೇ ಬರೆಯುವ ಬುಟ್ಟಿಗೆ ಅಕ್ಕಿಯ ಬದಲು ಬಿಳಿ ಜೇಡಿ ಬಳಸಿ.